ಹುಟ್ಟದವನಿಗೊಂದು ಜಾತಕ

ಅಲ್ವಾರೊ ದ ಕಾಂಪೋಸ್ ಹುಟ್ಟಿದ್ದು 1890ರ ಅಕ್ಟೋಬರ್ 15ರಂದು, ಮಧ್ಯಾಹ್ನ ಒಂದೂವರೆಗೆ. ಊರು ತವೀರಾ, ಪೋರ್ಚುಗಲ್‌ನ ದಕ್ಷಿಣ ತುದಿಯ ಕಡಲತಡಿ. ಎತ್ತರ 1.75 ಮೀಟರ್. ತೆಳ್ಳನೆ ಆಳು, ನಡೆಯುವಾಗ ಸ್ವಲ್ಪ ಬಾಗುತ್ತಿದ್ದ. ಪಕ್ಕಕ್ಕೆ ಬೈತಲೆ ತೆಗೆದ ನುಣುಪು ಕೂದಲು, ಒಂದು ಕಣ್ಣಿಗೆ ಮಾತ್ರ ಸಿಕ್ಕಿಸಿಕೊಂಡ ಕನ್ನಡಕದ ಗಾಜು. ಗ್ಲಾಸ್ಗೋದಲ್ಲಿ ಹಡಗು ಕಟ್ಟುವ ಎಂಜಿನಿಯರಿಂಗ್ ಓದಿದ. ಒಮ್ಮೆ ಹಡಗು ಹತ್ತಿ ಪೂರ್ವದೇಶಗಳ ಕಡೆ ಹೋಗಿಬಂದ. ಆಮೇಲೆ ಲಿಸ್ಬನ್ನಿಗೆ ಬಂದು ಕೆಲಸವಿಲ್ಲದೆ ಕೂತ.

ಇಂಥ ಮನುಷ್ಯ ಈ ಭೂಮಿ ಮೇಲೆ ಇರಲೇ ಇಲ್ಲ. ಇದನ್ನೆಲ್ಲ ಬರೆದಿಟ್ಟವನು ಪೋರ್ಚುಗೀಸ್ ಕವಿ ಫರ್ನಾಂಡೊ ಪೆಸೋವಾ, ಕಾಂಪೋಸ್‌ನಂಥ ಹಲವು ಕವಿಗಳನ್ನು ಕಲ್ಪಿಸಿಕೊಂಡು ಅವರ ಹೆಸರಲ್ಲಿ ಬರೆದವನು. 1935ರ ಜನವರಿ 13ರಂದು ಅಡಾಲ್ಫೊ ಕಸೈಸ್ ಮೊಂಟೇರೊ ಎಂಬ ಕಿರಿಯ ವಿಮರ್ಶಕನಿಗೆ ಅವನೊಂದು ಉದ್ದನೆಯ ಕಾಗದ ಬರೆದ. ನಿಮ್ಮೊಳಗಿನ ಈ ಕವಿಗಳೆಲ್ಲ ಎಲ್ಲಿಂದ ಬಂದರು ಅಂತ ಮೊಂಟೇರೊ ಕೇಳಿದ್ದ, ಅದಕ್ಕೆ ಉತ್ತರ ಅದು. ಹುಟ್ಟಿದ ಗಳಿಗೆಯ ವಿಷಯ ಬಂದಾಗ ಪೆಸೋವಾ ಮುಖದಲ್ಲಿ ನಗು ತೋರಿಸದೆ ಹೇಳುತ್ತಾನೆ: ಒಂದೂವರೆ ಗಂಟೆ ಅಂತ ನನಗೆ ಹೇಳಿದ್ದು ಗೆಳೆಯ ಫೆರೇರಾ ಗೋಮೆಸ್, ಆ ಹೊತ್ತಿಗೆ ಜಾತಕ ಹಾಕಿ ನೋಡಿದೆ, ಸರಿಹೋಯಿತು, ಹಾಗಾಗಿ ಅದು ನಿಜ.

ತಮಾಷೆ ಅಂತ ದಾಟಿ ಹೋಗಬಹುದಿತ್ತು. ಆದರೆ ಪೆಸೋವಾ ಜ್ಯೋತಿಷ್ಯವನ್ನು ಶ್ರದ್ಧೆಯಿಂದ ಕಲಿತವನು. ಅದನ್ನೇ ಕಸುಬು ಮಾಡಿಕೊಳ್ಳುವ ಯೋಚನೆ ಕೂಡ ಅವನಿಗೆ ಒಮ್ಮೆ ಬಂದಿತ್ತು. ಹುಟ್ಟದವನಿಗೆ ಜಾತಕ ಬರೆಯುವುದು ಅವನಿಗೆ ಆಟವೂ ಹೌದು, ಕೆಲಸವೂ ಹೌದು.

ನಾನು ಪೆಸೋವಾನನ್ನು ಓದಿಕೊಂಡಿರುವುದು ಇಂಗ್ಲಿಷ್ ಅನುವಾದಗಳಲ್ಲಿ. ಇಲ್ಲಿ ಬರುವ ಸಾಲುಗಳನ್ನು ನನ್ನ ಖುಷಿಗೆ ಕನ್ನಡಕ್ಕೆ ತಂದುಕೊಂಡಿದ್ದೇನೆ. ಅವನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಮುಖವಾಡಗಳ ಹಿಂದೆ ಬಚ್ಚಿಟ್ಟುಕೊಂಡ ನಾಚಿಕೆಯ ಮನುಷ್ಯ ಅಂತ. ನನಗೆ ಇದು ಯಾಕೋ ಒಪ್ಪಿಗೆಯಾಗಿಲ್ಲ. ಬಚ್ಚಿಟ್ಟುಕೊಳ್ಳುವವನಿಗೆ ಒಂದು ಮುಖವಾಡ ಸಾಕು. ಇವನು ತನ್ನ ಮಾತು ಒಪ್ಪದವರನ್ನೇ ಒಬ್ಬೊಬ್ಬರಾಗಿ ಹುಟ್ಟಿಸಿಕೊಂಡ, ಅವರಿಗೆ ಊರು, ಓದು, ಮೈಕಟ್ಟು ಎಲ್ಲ ಕೊಟ್ಟ, ಕೊನೆಗೆ ಅವರ ಕೈಯಲ್ಲಿ ಬೈಸಿಕೊಂಡ. ಬರಹಗಾರರು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ ಅಲ್ವಾ?

ಮುಖ್ಯವಾದ ಮೂವರನ್ನು ಮೊದಲು ಪರಿಚಯ ಮಾಡಿಕೊಡುತ್ತೇನೆ.

ಅಲ್ಬೆರ್ಟೊ ಕಯೇರೊ ಗುರು. ಉಳಿದವರೆಲ್ಲ ಅವನನ್ನು ಹಾಗೇ ಕರೆಯುತ್ತಾರೆ, ಪೆಸೋವಾ ಕೂಡ. 1889ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿ, ಹೆಚ್ಚುಕಡಿಮೆ ಇಡೀ ಬದುಕನ್ನು ಹಳ್ಳಿಯಲ್ಲಿ ಕಳೆದು, 1915ರಲ್ಲಿ ಕ್ಷಯದಿಂದ ಸತ್ತ. ಓದು ಪ್ರಾಥಮಿಕ ಶಾಲೆಗೆ ಮುಗಿಯಿತು. ಅಪ್ಪ ಅಮ್ಮ ಬೇಗ ತೀರಿಕೊಂಡರು. ಸಣ್ಣದೊಂದು ವರಮಾನ, ಜೊತೆಗೆ ವರಸೆಯಲ್ಲಿ ಅಜ್ಜಿಯಾಗಬೇಕಾದ ಮುದುಕಿಯೊಬ್ಬಳು, ಅಷ್ಟೇ ಸಂಸಾರ. ಹೊಂಬಣ್ಣದ ಕೂದಲು, ನೀಲಿ ಕಣ್ಣು. ಅವನ ಮುಖ್ಯ ಕವಿತೆಗಳ ಸರಣಿಗೆ ‘ಕುರಿ ಕಾಯುವವ’ ಅಂತ ಹೆಸರು, ಒಟ್ಟು 49 ಕವಿತೆ. ಮೊದಲ ಸಾಲಿನಲ್ಲೇ ‘ನಾನು ಯಾವತ್ತೂ ಕುರಿ ಕಾದವನಲ್ಲ’ ಅನ್ನುತ್ತಾನೆ!

ಕಯೇರೊಗೆ ಗುಟ್ಟುಗಳಲ್ಲಿ ನಂಬಿಕೆಯಿಲ್ಲ. ಹೂವು ಹೂವೇ, ಕಲ್ಲು ಕಲ್ಲೇ, ಅದರ ಒಳಗೆ ಏನೂ ಅಡಗಿಲ್ಲ. ಯೋಚನೆ ಮಾಡುವುದೆಂದರೆ ಕಣ್ಣಿಗೆ ಕಾಯಿಲೆ ಬಂದ ಹಾಗೆ ಅನ್ನುತ್ತಾನೆ. ತೇಜೊ ನದಿ ನಮ್ಮೂರ ಹೊಳೆಗಿಂತ ಚೆಂದ, ಆದರೆ ತೇಜೊ ನಮ್ಮೂರ ಹೊಳೆಗಿಂತ ಚೆಂದವಲ್ಲ, ಯಾಕೆಂದರೆ ತೇಜೊ ನಮ್ಮೂರಲ್ಲಿ ಹರಿಯುವ ಹೊಳೆಯಲ್ಲ ಅನ್ನುವ ಕವಿತೆ ಅವನದೇ. ಇವನ ಸಾಲುಗಳನ್ನು ಒಂದೊಂದಾಗಿ ಕಿತ್ತು ವಾಟ್ಸಾಪ್‌ನಲ್ಲಿ ಹಾಕಿದರೆ ಶುಭೋದಯದ ಸಂದೇಶದಂತೆ ಕಂಡುಬಿಡುವ ಅಪಾಯ ಇದೆ. ಸಾಲಾಗಿ ಓದಿದಾಗಲೇ ಆ ಮನುಷ್ಯನ ಹಠ ಗೊತ್ತಾಗುವುದು. ಸರಳವಾಗಿ ನೋಡುವುದಕ್ಕೆ ಅವನು ಪಡುವ ಪಾಡು ಸಣ್ಣದಲ್ಲ. ಏನನ್ನೂ ಯೋಚಿಸಬಾರದು ಅಂತ 49 ಕವಿತೆಗಳಲ್ಲಿ ವಾದ ಮಾಡುವವನು ಯೋಚನೆ ಬಿಟ್ಟವನೇನಲ್ಲ ಬಿಡಿ.

ರಿಕಾರ್ಡೊ ರೇಯ್ಸ್ 1887ರಲ್ಲಿ ಪೋರ್ಟೊದಲ್ಲಿ ಹುಟ್ಟಿದ ಡಾಕ್ಟರು. ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಓದಿ ಲ್ಯಾಟಿನ್ ಕಲಿತವನು. ರಾಜನಿರಬೇಕು ಅನ್ನುವ ಪಕ್ಷ. ಪೋರ್ಚುಗಲ್ ಗಣರಾಜ್ಯವಾದದ್ದು ಸಹಿಸದೆ 1919ರಲ್ಲಿ ಬ್ರೆಜಿಲ್‌ಗೆ ಹೋದ. ರೋಮನ್ ಕವಿ ಹೊರೇಸನ ದಾರಿಯಲ್ಲಿ ಅಳತೆ ತಪ್ಪದ ಓಡ್‌ಗಳನ್ನು, ಅಂದರೆ ಗಂಭೀರ ಧಾಟಿಯ ಭಾವಗೀತೆಗಳನ್ನು, ಬರೆಯುತ್ತಾನೆ. ಬಾ ಲಿಡಿಯಾ, ಹೊಳೆದಂಡೆಯಲ್ಲಿ ಕೂರೋಣ, ಕೈ ಹಿಡಿದುಕೊಳ್ಳೋಣ ಅಂತ ಶುರು ಮಾಡುತ್ತಾನೆ. ಎರಡು ಪದ್ಯ ಮುಗಿಯುತ್ತಲೇ, ಬೇಡ, ಕೈ ಬಿಟ್ಟುಬಿಡೋಣ, ಸುಮ್ನೆ ಆಯಾಸ ಯಾಕೆ ಅನ್ನುತ್ತಾನೆ. ಇನ್ನೊಂದು ಕವಿತೆಯಲ್ಲಿ ಪರ್ಷಿಯಾದ ಊರೊಂದಕ್ಕೆ ಶತ್ರುಗಳು ನುಗ್ಗಿ ಮನೆಗಳಿಗೆ ಬೆಂಕಿ ಇಡುತ್ತಿದ್ದಾರೆ, ಇಬ್ಬರು ಮರದ ನೆರಳಲ್ಲಿ ಕೂತು ಚದುರಂಗ ಆಡುತ್ತಲೇ ಇದ್ದಾರೆ. ರೇಯ್ಸ್‌ಗೆ ಅವರ ಮೇಲೆ ಮೆಚ್ಚುಗೆ. ನನಗೆ ಆ ಕವಿತೆ ಓದಿದಾಗಲೆಲ್ಲ ಮೈ ಉರಿಯುತ್ತದೆ. ಆದರೂ ಮತ್ತೆ ಓದುತ್ತೇನೆ.

ಇನ್ನು ಕಾಂಪೋಸ್. ಅವನ ಶುರುವಿನ ಕವಿತೆಗಳು ಯಂತ್ರ, ಬಂದರು, ವಿದ್ಯುದ್ದೀಪ, ಕಾರ್ಖಾನೆಗಳ ಆರ್ಭಟ. ಪುಟಗಟ್ಟಲೆ ಹರಿಯುವ ಸಾಲು, ಮಧ್ಯೆ ಮಧ್ಯೆ ಕೂಗಾಟ. ವಯಸ್ಸಾದ ಹಾಗೆ ದನಿ ಇಳಿದು ಸುಸ್ತು ಆವರಿಸಿತು. 1928ರಲ್ಲಿ ಬರೆದ ‘ತಂಬಾಕಿನ ಅಂಗಡಿ’ ಹೀಗೆ ಶುರುವಾಗುತ್ತದೆ: ‘ನಾನು ಏನೂ ಅಲ್ಲ. ಯಾವತ್ತೂ ಏನೂ ಆಗುವುದಿಲ್ಲ. ಏನಾದರೂ ಆಗಬೇಕು ಅಂತ ಆಸೆಪಡಲೂ ಆರೆ. ಅದೊಂದು ಬಿಟ್ಟರೆ, ಲೋಕದ ಕನಸುಗಳೆಲ್ಲ ನನ್ನೊಳಗಿವೆ.’ ಕೋಣೆಯ ಕಿಟಕಿಯಿಂದ ಎದುರಿನ ಅಂಗಡಿ ನೋಡುತ್ತ ಅವನು ಇಡೀ ವಿಶ್ವದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾನೆ. ಮಧ್ಯದಲ್ಲಿ ಚಾಕೊಲೇಟ್ ತಿನ್ನುವ ಹುಡುಗಿಯೊಬ್ಬಳಿಗೆ ತಿನ್ನಮ್ಮ, ತಿನ್ನು ಅನ್ನುತ್ತಾನೆ. ಕೊನೆಗೆ ಎಸ್ಟೇವೆಸ್ ಎಂಬ ಪರಿಚಯದವನು ಚಿಲ್ಲರೆ ಜೇಬಿಗೆ ಹಾಕಿಕೊಳ್ಳುತ್ತ ಅಂಗಡಿಯಿಂದ ಹೊರಗೆ ಬಂದು ಕೈ ಬೀಸುತ್ತಾನೆ, ಅಂಗಡಿಯವನು ನಗುತ್ತಾನೆ. ಕವಿತೆ ಮುಗಿಯಿತು. ಇಪ್ಪತ್ತನೇ ಶತಮಾನದ ಅತಿ ಒಳ್ಳೆಯ ಕವಿತೆಗಳ ಪಟ್ಟಿ ಯಾರು ಮಾಡಿದರೂ ನಾನು ಇದನ್ನು ಮೊದಲು ಹುಡುಕುತ್ತೇನೆ.

ಇವರು ಬಂದದ್ದು ಹೇಗೆ? ಆ ಕಾಗದದಲ್ಲಿ ಪೆಸೋವಾ ಹೇಳುವ ಕತೆ ಈಗ ದಂತಕತೆಯೇ ಆಗಿದೆ. ಗೆಳೆಯ ಮಾರಿಯೊ ದ ಸಾ-ಕಾರ್ನೇರೊನನ್ನು ಬೇಸ್ತು ಬೀಳಿಸಬೇಕು, ಒಬ್ಬ ಹಳ್ಳಿಗಾಡಿನ ಕವಿಯನ್ನು ಸೃಷ್ಟಿಸಿ ಇವನು ನಿಜವಾಗಿ ಇದ್ದಾನೆ ಅಂತ ನಂಬಿಸಬೇಕು ಅಂತ ಕೆಲವು ದಿನ ಒದ್ದಾಡಿದನಂತೆ. ಆಗಲಿಲ್ಲ. ಕೈಬಿಟ್ಟ ದಿನವೇ, 1914ರ ಮಾರ್ಚ್ 8ರಂದು, ಎತ್ತರದ ಬೀರುವಿನ ಹತ್ತಿರ ಹೋಗಿ ನಿಂತುಕೊಂಡೇ ಬರೆಯತೊಡಗಿದನಂತೆ. ಮೂವತ್ತಕ್ಕೂ ಹೆಚ್ಚು ಕವಿತೆ, ಒಂದರ ಹಿಂದೆ ಒಂದು, ಏನೋ ಆವೇಶ ಬಂದ ಹಾಗೆ. ‘ನನ್ನೊಳಗೆ ನನ್ನ ಗುರು ಕಾಣಿಸಿಕೊಂಡ’ ಅನ್ನುತ್ತಾನೆ. ಮುಗಿದ ಕೂಡಲೇ ಇನ್ನೊಂದು ಹಾಳೆ ತೆಗೆದುಕೊಂಡು ತನ್ನದೇ ಹೆಸರಲ್ಲಿ ಆರು ಭಾಗದ ‘ಓರೆ ಮಳೆ’ ಬರೆದ. ಕಯೇರೊಗೆ ಶಿಷ್ಯರು ಬೇಕಲ್ಲ, ರೇಯ್ಸ್‌ನನ್ನು ಹುಡುಕಿದ. ರೇಯ್ಸ್‌ಗೆ ವಿರುದ್ಧವಾಗಿ ಟೈಪ್‌ರೈಟರ್ ಮೇಲೆ ಒಂದೇ ಏಟಿಗೆ ಕಾಂಪೋಸ್ ಬಂದ.

ಹಸ್ತಪ್ರತಿಗಳು ಬೇರೆ ಕತೆ ಹೇಳುತ್ತವೆ. ಕಯೇರೊನ ಕವಿತೆಗಳು ಒಂದೇ ದಿನದವಲ್ಲ, ಬೇರೆ ಬೇರೆ ದಿನಾಂಕದವು, ತಿದ್ದಿ ತೀಡಿದವು. ಮಾರ್ಚ್ 8 ಎಂಬ ಆ ಮಹಾದಿನವನ್ನು ಪೆಸೋವಾ ಇಪ್ಪತ್ತು ವರ್ಷ ಆದ ಮೇಲೆ ಚೆಂದವಾಗಿ ಕಟ್ಟಿದ್ದಾನೆ. ಇದನ್ನು ಕೆಲವರು ಸುಳ್ಳು ಹಿಡಿದ ಹಾಗೆ ಬರೆಯುತ್ತಾರೆ. ನನಗೆ ಬೇಜಾರೇನಿಲ್ಲ. ಮೂವರು ಕವಿಗಳಿಗೆ ಬದುಕಿನ ವಿವರ ಕಟ್ಟಿದವನು ತನಗೂ ಒಂದು ದಿನ ಕಟ್ಟಿಕೊಂಡ.

ಇದಕ್ಕಿಂತ ನನಗೆ ಇಷ್ಟವಾದದ್ದು ಅದೇ ಕಾಗದದ ಇನ್ನೊಂದು ವಿವರ. 1915ರಲ್ಲಿ ಪೆಸೋವಾ ಮತ್ತು ಗೆಳೆಯರು ‘ಓರ್ಫೆವು’ ಅಂತ ಪತ್ರಿಕೆ ತಂದರು. ಎರಡೇ ಸಂಚಿಕೆ ಬಂತು, ಲಿಸ್ಬನ್ನಿನ ಪತ್ರಿಕೆಗಳೆಲ್ಲ ಇವರನ್ನು ಹುಚ್ಚರು ಅಂತ ಗೇಲಿ ಮಾಡಿದವು. ಮೊದಲ ಸಂಚಿಕೆಗೆ ಕೊನೆ ಗಳಿಗೆಯಲ್ಲಿ ಕೆಲವು ಪುಟ ತುಂಬಿಸಬೇಕಾಯಿತು. ಪೆಸೋವಾ ಏನು ಮಾಡಿದ ಗೊತ್ತಾ? ಕಾಂಪೋಸ್‌ನ ಒಂದು ‘ಹಳೆಯ’ ಕವಿತೆ ಬರೆದ. ಗುರು ಕಯೇರೊ ಸಿಗುವ ಮೊದಲು, ಪಕ್ವವಾಗುವ ಮೊದಲು ಕಾಂಪೋಸ್ ಹೇಗೆ ಬರೆಯುತ್ತಿದ್ದ ಅಂತ ಊಹಿಸಿ ಬರೆದ ಅಫೀಮಿನ ಅಮಲಿನ ಕವಿತೆ ಅದು. ಸೂಯೆಜ್ ಕಾಲುವೆಯಲ್ಲಿ, ಹಡಗಿನಲ್ಲಿ, 1914ರ ಮಾರ್ಚ್‌ನಲ್ಲಿ ಬರೆದದ್ದು ಅಂತ ಕೆಳಗೆ ನಮೂದು. ಇಲ್ಲದ ಕವಿಗೆ ಒಂದು ಎಳಸು ಕಾಲವನ್ನೂ ಕೊಟ್ಟ, ಆ ಎಳಸುತನವನ್ನು ಹುಷಾರಾಗಿ ಕೆತ್ತಿದ. ಬರೆದವುಗಳಲ್ಲಿ ಬಹಳ ಕಷ್ಟವಾದದ್ದು ಇದು ಅಂತ ಅವನೇ ಹೇಳಿಕೊಂಡಿದ್ದಾನೆ. ನಂಬಬಹುದು.

ಕನ್ನಡ ಓದುವವರಿಗೆ ಇಲ್ಲಿ ತಟ್ಟನೆ ಕಾವ್ಯನಾಮದ ನೆನಪಾಗುತ್ತದೆ. ಬೇಂದ್ರೆಯವರಿಗೆ ಅಂಬಿಕಾತನಯದತ್ತ, ಗೋಕಾಕರಿಗೆ ವಿನಾಯಕ, ಮಾಸ್ತಿಯವರಿಗೆ ಶ್ರೀನಿವಾಸ. ನಂದಳಿಕೆಯ ಲಕ್ಷ್ಮೀನಾರಣಪ್ಪನವರಂತೂ ಇನ್ನೂ ಮುಂದೆ ಹೋದರು. ಮುದ್ದಣ ಅಂತ ಹೆಸರಿಟ್ಟುಕೊಂಡು, ತಾವೇ ಬರೆದದ್ದನ್ನು ಯಾರೋ ಹಳೆಯ ಕವಿಯದು ಅಂತ ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದರು. ಆದರೆ ಪೆಸೋವಾ ಮಾಡಿದ್ದು ಬೇರೆ. 1928ರಲ್ಲಿ ಅವನೇ ಗೆರೆ ಎಳೆದು ಹೇಳಿದ: ಕಾವ್ಯನಾಮದಲ್ಲಿ ಬರೆದದ್ದು ಲೇಖಕನದೇ, ಸಹಿ ಮಾತ್ರ ಬೇರೆ; ತನ್ನ ಹೆಟೆರೊನಿಮ್‌ಗಳು, ಅಂದರೆ ತನ್ನದೇ ಬದುಕು, ಸ್ವಭಾವ ಇರುವ ಈ ಕಲ್ಪಿತ ಲೇಖಕರು, ಬರೆದದ್ದು ತನ್ನ ಹೊರಗಿನದು. ನಾಟಕದ ಪಾತ್ರ ಆಡುವ ಮಾತು ನಾಟಕಕಾರನ ಅಭಿಪ್ರಾಯವಲ್ಲವಲ್ಲ, ಹಾಗೆ. ಅಂಕಗಳ ಬದಲು ಮನುಷ್ಯರನ್ನು ಇಟ್ಟು ಬರೆದ ನಾಟಕ ಅಂತ ಅದನ್ನು ಕರೆದ.

ಕರಾವಳಿಯ ತಾಳಮದ್ದಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟುಕೊಂಡು ಕೂತ ಅರ್ಥಧಾರಿಗಳು ಕೃಷ್ಣ, ಕರ್ಣ, ವಾಲಿ ಆಗಿ ವಾದಕ್ಕಿಳಿಯುತ್ತಾರೆ. ವಾಲಿಯ ಅರ್ಥ ಹೇಳುವವನು ಗಟ್ಟಿಯಿದ್ದರೆ ಆ ರಾತ್ರಿ ರಾಮನೇ ತಡವರಿಸಬೇಕಾಗುತ್ತದೆ. ಪೆಸೋವಾ ಇಂಥದೊಂದು ಕೂಟವನ್ನು ಒಬ್ಬನೇ ನಡೆಸಿದ, ಯಾರನ್ನೂ ಬೇಕಂತಲೇ ಸೋಲಿಸಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 1924ರಲ್ಲಿ ‘ಅಥೆನಾ’ ಅನ್ನುವ ಪತ್ರಿಕೆ ಶುರುವಾಯಿತು, ಪೆಸೋವಾ ಅದರ ಇಬ್ಬರು ಸಂಪಾದಕರಲ್ಲಿ ಒಬ್ಬ. ಮೊದಲ ಸಂಚಿಕೆಯಲ್ಲಿ ತನ್ನ ಹೆಸರಿನಲ್ಲೇ ಒಂದು ಲೇಖನ ಬರೆದು ತತ್ವಶಾಸ್ತ್ರದ ಮೇಲ್ತುದಿಯಾದ ಮೆಟಾಫಿಸಿಕ್ಸ್ ಕೂಡ ಒಂದು ಕಲೆಯೇ ಅಂದ. ಎರಡನೇ ಸಂಚಿಕೆಯಲ್ಲಿ ಕಾಂಪೋಸ್ ಬಂದು, ನನ್ನ ಗೆಳೆಯ ಪೆಸೋವಾ ಹೇಳಿದ್ದು ಸರಿಯಲ್ಲ ಅಂತ ವಾದ ಹೂಡಿದ. ತನ್ನ ಪತ್ರಿಕೆಯಲ್ಲಿ ತನ್ನನ್ನೇ ಖಂಡಿಸುವ ಲೇಖನ ಬರೆದು, ಅದನ್ನು ಸಂಪಾದಕನಾಗಿ ಓದಿ, ಸ್ವೀಕರಿಸಿ, ಅಚ್ಚಿಗೆ ಕಳಿಸುವ ಮನುಷ್ಯನನ್ನು ಊಹಿಸಿಕೊಳ್ಳಿ. ಅದೇ ಪತ್ರಿಕೆಯಲ್ಲಿ ರೇಯ್ಸ್‌ನ ಓಡ್‌ಗಳು ಬಂದವು. ಮುಂದಿನ ವರ್ಷ ಕಯೇರೊನ ಕವಿತೆಗಳೂ ಬಂದವು. ಆ ಹೊತ್ತಿಗೆ ಕಯೇರೊ ಸತ್ತು ಹತ್ತು ವರ್ಷ!

ಇವರ ಭಾಷೆಯ ಬಗ್ಗೆ ಪೆಸೋವಾನಿಗೂ ತಕರಾರಿದೆ. ಕಯೇರೊ ಪೋರ್ಚುಗೀಸ್ ಸರಿಯಾಗಿ ಬರೆಯಲಾರ, ಕಾಂಪೋಸ್ ಪರವಾಗಿಲ್ಲ ಆದರೆ ಅಲ್ಲಲ್ಲಿ ಎಡವುತ್ತಾನೆ, ರೇಯ್ಸ್ ನನಗಿಂತ ಚೆನ್ನಾಗಿ ಬರೆಯುತ್ತಾನೆ ಆದರೆ ಅವನ ಮಡಿ ಜಾಸ್ತಿಯಾಯಿತು ಅಂತ ಮೊಂಟೇರೊಗೆ ಬರೆಯುತ್ತಾನೆ. ಯಾರು ಯಾವಾಗ ಬರುತ್ತಾರೆ ಅನ್ನುವುದೂ ಇದೆ. ಏನು ಬರೆಯುತ್ತೇನೆ ಅಂತ ಗೊತ್ತಿಲ್ಲದೆ ಕೈ ತುರಿಸಿದಾಗ ಕಾಂಪೋಸ್. ತುಂಬ ಯೋಚಿಸಿ ಯೋಚನೆ ಗಟ್ಟಿಯಾದಾಗ ರೇಯ್ಸ್. ಕಯೇರೊ ಮಾತ್ರ ಹೇಳದೆ ಕೇಳದೆ ಬರುವವನು.

ಕಯೇರೊ ಸತ್ತ ಮೇಲೆ ಕಾಂಪೋಸ್ ಅವನ ನೆನಪುಗಳನ್ನು ಬರೆದ. ನನ್ನ ಮಟ್ಟಿಗೆ ಪೆಸೋವಾನ ಗದ್ಯದಲ್ಲಿ ಇದಕ್ಕಿಂತ ಆಪ್ತವಾದದ್ದು ಇಲ್ಲ. ವರ್ಡ್ಸ್‌ವರ್ತ್‌ನ ಒಂದು ಕವಿತೆಯಲ್ಲಿ ಒಬ್ಬ ಒರಟನಿಗೆ ಹೊಳೆದಂಡೆಯ ಹಳದಿ ಹೂವು ಬರೀ ಹಳದಿ ಹೂವಾಗಿ ಕಂಡಿತು, ಅದಕ್ಕಿಂತ ಹೆಚ್ಚೇನೂ ಕಾಣಲಿಲ್ಲ ಅನ್ನುವ ಮಾತಿದೆ. ಕವಿ ಅದನ್ನು ಬೈಗುಳವಾಗಿ ಬರೆದದ್ದು. ಕಾಂಪೋಸ್ ಅದನ್ನು ಹೇಳಿದಾಗ ಕಯೇರೊ ನಕ್ಕು, ಆ ಮನುಷ್ಯ ಸರಿಯಾಗಿಯೇ ನೋಡಿದ್ದಾನೆ, ಹಳದಿ ಹೂವು ಹಳದಿ ಹೂವೇ ತಾನೆ ಅಂದನಂತೆ. ಅದೇ ನೆನಪುಗಳಲ್ಲಿ ಕಾಂಪೋಸ್ ಗೆಳೆಯರ ಬಳಗವನ್ನೆಲ್ಲ ಹೆಸರಿಸಿ, ಕಯೇರೊನಿಂದ ಯಾರ್ಯಾರು ಹೇಗೆ ಬದಲಾದರು ಅಂತ ಹೇಳುತ್ತಾನೆ. ಪೆಸೋವಾನ ಸರದಿ ಬಂದಾಗ ಒಂದು ಮಾತು ಎಸೆಯುತ್ತಾನೆ: ಸರಿಯಾಗಿ ನೋಡಿದರೆ ಫರ್ನಾಂಡೊ ಪೆಸೋವಾ ಅನ್ನುವವನು ಇಲ್ಲವೇ ಇಲ್ಲ.

ಕಾಂಪೋಸ್ ಪುಟದ ಒಳಗೆ ಮಾತ್ರ ಗಲಾಟೆ ಮಾಡಿದವನಲ್ಲ. 1915ರ ಜುಲೈನಲ್ಲಿ ಅಫೊನ್ಸೊ ಕೋಸ್ಟಾ ಎಂಬ ದೊಡ್ಡ ರಾಜಕಾರಣಿ ಬಾಂಬ್ ಇರಬಹುದು ಅಂತ ಹೆದರಿ ಟ್ರಾಮ್‌ನಿಂದ ಹಾರಿ ಪೆಟ್ಟು ಮಾಡಿಕೊಂಡ. ದೈವ ಬುದ್ಧಿ ಕಲಿಸುವುದಕ್ಕೆ ಟ್ರಾಮ್ ಗಾಡಿಯನ್ನೂ ಬಳಸಿಕೊಳ್ಳುತ್ತದೆ ಅಂತ ಕಾಂಪೋಸ್ ಪತ್ರಿಕೆಗೆ ಕಾಗದ ಬರೆದ. ಊರೆಲ್ಲ ರೇಗಿತು. ‘ಓರ್ಫೆವು’ ಬಳಗದ ಕೆಲವರು ನಮಗೂ ಇದಕ್ಕೂ ಸಂಬಂಧವಿಲ್ಲ ಅಂತ ದೂರ ಸರಿದರು. ಇಲ್ಲದ ಮನುಷ್ಯನ ನಾಲಿಗೆಯಿಂದ ಇದ್ದ ಗೆಳೆತನಗಳು ಕೆಟ್ಟವು.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಮನಶ್ಶಾಸ್ತ್ರಕ್ಕೆ ಕೈ ಹಾಕುವುದಿಲ್ಲ. ಪೆಸೋವಾನೇ ಅದಕ್ಕೆ ಹಿಸ್ಟೀರಿಯಾ ಅದು ಇದು ಅಂತ ಡಾಕ್ಟರ ಶೈಲಿಯಲ್ಲಿ ಹೆಸರು ಕೊಟ್ಟಿದ್ದಾನೆ, ಅದೂ ಅವನ ಇನ್ನೊಂದು ಪಾತ್ರದ ಹಾಗೇ ಕೇಳಿಸುತ್ತದೆ. ಬದುಕಿನ ಸಂಗತಿಗಳನ್ನು ನೋಡಿದರೆ ಸಾಕು. ಹುಟ್ಟಿದ್ದು 1888ರ ಜೂನ್ 13, ಲಿಸ್ಬನ್ನಿನ ಸಂತ ಆಂಟನಿ ಹಬ್ಬದ ದಿನ, ಸಂಗೀತ ನಾಟಕಶಾಲೆಯ ಎದುರಿನ ಮನೆಯಲ್ಲಿ. ಅಪ್ಪ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದವರು. ಹುಡುಗನಿಗೆ ಐದು ವರ್ಷ ಆದಾಗ ಕ್ಷಯದಿಂದ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಮ್ಮನೂ ಹೋದ. ಆಗಲೇ ಶೆವಾಲಿಯೆ ದ ಪಾ ಎಂಬ ಫ್ರೆಂಚ್ ಹೆಸರಿನ ಗೆಳೆಯನನ್ನು ಹುಟ್ಟಿಸಿಕೊಂಡು, ಅವನಿಂದ ತನಗೆ ಕಾಗದ ಬರೆಸಿಕೊಳ್ಳತೊಡಗಿದ. ಬರೆಯುತ್ತಿದ್ದವನು ತಾನೇ.

ಅಮ್ಮ ಮರುಮದುವೆಯಾದರು. ಗಂಡ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಪೋರ್ಚುಗೀಸ್ ಕಾನ್ಸಲ್. 1896ರಲ್ಲಿ ಹುಡುಗ ಅಲ್ಲಿಗೆ ಹೋದ, ಇಂಗ್ಲಿಷಿನಲ್ಲಿ ಓದಿದ. 1903ರಲ್ಲಿ 899 ಜನ ಬರೆದ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಬಂಧಕ್ಕೆ ವಿಕ್ಟೋರಿಯಾ ರಾಣಿಯ ಹೆಸರಿನ ಬಹುಮಾನ ಹೊಡೆದ. (ಸುಮ್ನೆ ಒಂದು ಮಾತು: 1897ರ ಜನವರಿಯಲ್ಲಿ ಗಾಂಧಿ ಹಡಗಿನಿಂದ ಇಳಿದಾಗ ಬಿಳಿಯರ ಗುಂಪು ಮುತ್ತಿಕೊಂಡು ಹೊಡೆದದ್ದು ಇದೇ ಡರ್ಬನ್‌ನಲ್ಲಿ. ಆಗ ಪೆಸೋವಾ ಅದೇ ಊರಲ್ಲಿ ಶಾಲೆಗೆ ಹೋಗುತ್ತಿದ್ದ ಎಂಟು ವರ್ಷದ ಹುಡುಗ.) ಹರೆಯದಲ್ಲಿ ಅಲೆಕ್ಸಾಂಡರ್ ಸರ್ಚ್ ಎಂಬ ಇಂಗ್ಲಿಷ್ ಕವಿಯನ್ನು ಹುಟ್ಟಿಸಿದ, ತಾನು ಹುಟ್ಟಿದ ದಿನವನ್ನೇ ಅವನಿಗೂ ಕೊಟ್ಟ. ಕವಿಯಾಗಿ ಅವನು ಕಣ್ಣು ಬಿಟ್ಟದ್ದು ಮನೆಯಲ್ಲಿ ಆಡದ ಭಾಷೆಯಲ್ಲಿ. ಅಲ್ಲಿಂದ ಮುಂದೆ ಇನ್ನೊಬ್ಬನಾಗಿ ಬರೆಯುವುದು ಅವನಿಗೆ ವಿಚಿತ್ರ ಅನ್ನಿಸಿರಲಾರದು.

1905ರಲ್ಲಿ ಲಿಸ್ಬನ್ನಿಗೆ ಒಬ್ಬನೇ ವಾಪಸ್ ಬಂದ. ಡಿಗ್ರಿ ಮುಗಿಸಲಿಲ್ಲ. ಅಜ್ಜಿಯಿಂದ ಬಂದ ಹಣ ಹಾಕಿ ಅಚ್ಚುಕೂಟ ತೆರೆದ, ಅದು ಬೇಗನೆ ಮುಳುಗಿತು. ಆಮೇಲೆ ಕೊನೆವರೆಗೂ ಒಂದೇ ಕೆಲಸ: ಊರ ನಡುವಿನ ವ್ಯಾಪಾರಿ ಕಂಪನಿಗಳಿಗೆ ಇಂಗ್ಲಿಷ್, ಫ್ರೆಂಚ್ ಪತ್ರವ್ಯವಹಾರ ನೋಡಿಕೊಳ್ಳುವುದು. ಇದನ್ನು ಜೀವನಚರಿತ್ರೆಗಳಲ್ಲಿ ಬಡತನದ ವಿವರವಾಗಿ ಬರೆದು ಮುಂದೆ ಹೋಗುತ್ತಾರೆ. ನನಗೆ ಅದು ಅಷ್ಟೇ ಅನ್ನಿಸುವುದಿಲ್ಲ. ದಿನವಿಡೀ ಅವನು ಮಾಡುತ್ತಿದ್ದದ್ದೇನು? ಬೇರೆಯವರ ಪರವಾಗಿ, ಅವರ ದನಿಯಲ್ಲಿ, ಅವರ ಸಹಿಗೆ ಕಾಗದ ಬರೆಯುವುದು. ಒಬ್ಬ ಮಾಲೀಕ ವಿನಯವಾಗಿ ಬರೆಸುತ್ತಾನೆ, ಇನ್ನೊಬ್ಬ ಗದರಿಸಿ ಬರೆಸುತ್ತಾನೆ. ಗುಮಾಸ್ತನಿಗೆ ಎರಡೂ ಬರಬೇಕು. ಕಂಪನಿ ಹೆಸರಿದ್ದ ಹಾಳೆಗಳ ಹಿಂಭಾಗದಲ್ಲಿ, ಲಕೋಟೆಗಳ ಮೇಲೆ ಅವನ ಕವಿತೆಗಳು ಸಿಕ್ಕಿವೆ. ಮುಂದೆ ಮಾಲೀಕನ ಕಾಗದ, ಹಿಂದೆ ಕಾಂಪೋಸ್.

ಈ ಕೂಟದ ಬೆಲೆ ತೆತ್ತವಳು ಒಫೇಲಿಯಾ ಕೇರೋಸ್. ಅವನು ಕೆಲಸ ಮಾಡುತ್ತಿದ್ದ ಕಂಪನಿಗೆ ಸೇರಿದ ಹತ್ತೊಂಬತ್ತರ ಹುಡುಗಿ. ಅವನಿಗೆ ಮೂವತ್ತೊಂದು. 1920ರಲ್ಲಿ ಒಂದು ಸಂಜೆ ದೀಪ ಹೋದಾಗ, ಹ್ಯಾಮ್ಲೆಟ್ ತನ್ನ ಒಫೇಲಿಯಾಗೆ ಹೇಳುವ ಮಾತನ್ನೇ ಒಪ್ಪಿಸಿ ಪ್ರೀತಿ ಹೇಳಿಕೊಂಡನಂತೆ. ಮುದ್ದು ಮಾತಿನ ಕಾಗದಗಳು ಓಡಾಡಿದವು. ಆದರೆ ಕೆಲವು ದಿನ ಬಂದವನೇ, ಇವತ್ತು ಬಂದಿರುವುದು ನಾನಲ್ಲ, ಗೆಳೆಯ ಕಾಂಪೋಸ್ ಅನ್ನುತ್ತಿದ್ದ. ನಡೆನುಡಿಯೆಲ್ಲ ಬದಲಾಗುತ್ತಿತ್ತು. ಅವಳಿಗೆ ಕಾಂಪೋಸ್ ಅಂದರೆ ಆಗುತ್ತಿರಲಿಲ್ಲ. ನನಗೆ ಪೆಸೋವಾ ಮಾತ್ರ ಇಷ್ಟ ಅಂದಾಗ, ಅವನಿಗೇನೋ ನೀನಂದರೆ ತುಂಬ ಇಷ್ಟ ಅನ್ನುವ ಉತ್ತರ ಬಂತು. ಅದೇ ವರ್ಷದ ಕೊನೆಗೆ, ನನ್ನ ಹಣೆಬರಹ ಬೇರೆ ನಿಯಮಕ್ಕೆ ಸೇರಿದ್ದು ಅಂತ ಬರೆದು ಸಂಬಂಧ ಕಡಿದುಕೊಂಡ. 1929ರಲ್ಲಿ ಮತ್ತೆ ಹತ್ತಿರವಾದರು. ಆಗ ಕಾಂಪೋಸ್ ನೇರವಾಗಿ ಅವಳಿಗೇ ಕಾಗದ ಬರೆದು, ಪೆಸೋವಾ ಎಂಬ ಆ ದರಿದ್ರ ಮನುಷ್ಯನ ಚಿತ್ರವನ್ನು ಮನಸ್ಸಿನಿಂದ ಕಿತ್ತು ಬಚ್ಚಲಿಗೆ ಸುರಿದುಬಿಡಿ ಅಂತ ಸಲಹೆ ಕೊಟ್ಟ.

ಓದುವಾಗ ನಗು ಬರುತ್ತದೆ, ನಿಜ. ಆದರೆ ಆ ಹುಡುಗಿಯ ಜಾಗದಲ್ಲಿ ಕೂತು ಒಮ್ಮೆ ಓದಿ. ಪುಟದ ಮೇಲೆ ಒಪ್ಪದವರನ್ನು ಇಷ್ಟು ಧಾರಾಳವಾಗಿ ಕೂರಿಸಿಕೊಂಡವನು, ಎದುರಿಗೆ ಕೂತ ಒಂದು ಜೀವ ನನಗೆ ಇದು ಇಷ್ಟವಿಲ್ಲ ಅಂದಾಗ ತಮಾಷೆಯಲ್ಲಿ ತೇಲಿಸಿಬಿಟ್ಟ.

‘ಅಶಾಂತಿಯ ಪುಸ್ತಕ’ದ ಬಗ್ಗೆ ಹೇಳದೆ ಇದ್ದರೆ ಅವನ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. ಇದು ಬೆರ್ನಾರ್ಡೊ ಸೋರೆಸ್‌ನದು. ದೌರಾಡೋರೆಸ್ ಬೀದಿಯ ಬಟ್ಟೆ ವ್ಯಾಪಾರದ ಆಫೀಸಿನಲ್ಲಿ ಲೆಕ್ಕ ಬರೆಯುವ ಸಹಾಯಕ. ಪೆಸೋವಾ ಇವನನ್ನು ಅರ್ಧ ಹೆಟೆರೊನಿಮ್ ಅಂದ, ನನ್ನಿಂದ ಸ್ವಲ್ಪ ವಿವೇಕ, ಸ್ವಲ್ಪ ಭಾವನೆ ತೆಗೆದರೆ ಇವನು ಉಳಿಯುತ್ತಾನೆ ಅಂತ. ನನಗೆ ದಣಿವಾಗಿ ನಿದ್ದೆ ಎಳೆಯುವಾಗ ಬರುವವನು ಇವನು ಅಂತಲೂ ಹೇಳಿದ. ಪೆಸೋವಾ ಸತ್ತಾಗ ಟ್ರಂಕಿನಲ್ಲಿ 25,000ಕ್ಕೂ ಹೆಚ್ಚು ಹಾಳೆಗಳಿದ್ದವು. ಈಗ ಅವು ಪೋರ್ಚುಗಲ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಸೋರೆಸ್‌ನ ತುಣುಕುಗಳು ಪುಸ್ತಕವಾಗಿದ್ದು 1982ರಲ್ಲಿ, ಲೇಖಕ ಸತ್ತು 47 ವರ್ಷಕ್ಕೆ. ಅವನು ಬದುಕಿದ್ದೂ 47 ವರ್ಷವೇ. ಯಾವ ತುಣುಕು ಮೊದಲು, ಯಾವುದು ಆಮೇಲೆ ಅಂತ ಅವನು ಹೇಳಿಹೋಗಲಿಲ್ಲ. ಒಬ್ಬೊಬ್ಬ ಸಂಪಾದಕ ಒಂದೊಂದು ಸಾಲಿನಲ್ಲಿ ಜೋಡಿಸಿದ್ದಾನೆ. ಹೆಸರು ಮಾತ್ರ ಒಂದು, ಪುಸ್ತಕ ಹಲವು. ಮೊದಲ ಬಾರಿ ಪೆಸೋವಾ ಓದುವವರಿಗೆ ಎಲ್ಲರೂ ಇದನ್ನೇ ಕೈಗೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಇದರಲ್ಲಿ ವಾದ ಮಾಡುವುದಕ್ಕೆ ಇನ್ನೊಬ್ಬ ಇಲ್ಲ. ನೂರಾರು ಪುಟ ಒಂದೇ ದನಿ ತನ್ನನ್ನೇ ಕೇಳಿಸಿಕೊಳ್ಳುತ್ತದೆ. ಸಾಲುಗಳು ಚೆಂದ, ಆದರೆ ಕೆಲವು ಪುಟ ಆದ ಮೇಲೆ ಯಾರಾದರೂ ಬಾಗಿಲು ತಟ್ಟಬಾರದೇ ಅನ್ನಿಸುತ್ತದೆ. ಮೊದಲು ಕಯೇರೊ, ಆಮೇಲೆ ಕಾಂಪೋಸ್ ಓದಿ. ಸೋರೆಸ್ ಕಾಯುತ್ತಾನೆ.

ಬದುಕಿದ್ದಾಗ ಪೆಸೋವಾ ಪೋರ್ಚುಗೀಸಿನಲ್ಲಿ ತಂದ ಕವನ ಸಂಕಲನ ಒಂದೇ, 1934ರ ‘ಸಂದೇಶ’. ದೇಶದ ಹಿಂದಿನ ವೈಭವದ ಕವಿತೆಗಳು, ಸ್ವಂತ ಹೆಸರಿನಲ್ಲಿ. ಸರ್ವಾಧಿಕಾರಿ ಸಲಾಜಾರ್ ಸರ್ಕಾರದ ಪ್ರಚಾರ ಇಲಾಖೆ ಎರಡನೇ ದರ್ಜೆಯ ಬಹುಮಾನ ಕೊಟ್ಟಿತು. ಮರುವರ್ಷ ಗುಪ್ತ ಸಂಘಗಳನ್ನು ನಿಷೇಧಿಸುವ ಮಸೂದೆಗೆ ವಿರುದ್ಧವಾಗಿ ಅವನು ಪತ್ರಿಕೆಯಲ್ಲಿ ಬರೆದ, ಸಲಾಜಾರ್ ಮೇಲೆ ಗೇಲಿ ಪದ್ಯಗಳನ್ನೂ ಕಟ್ಟಿದ. 1935ರ ನವೆಂಬರ್ 30ರಂದು ಲಿಸ್ಬನ್ನಿನ ಫ್ರೆಂಚ್ ಆಸ್ಪತ್ರೆಯಲ್ಲಿ ತೀರಿಕೊಂಡ. ಹಿಂದಿನ ದಿನ ಬರೆದ ಕೊನೆಯ ಸಾಲು, ನಾಳೆ ಏನು ತರುತ್ತದೋ ತಿಳಿಯದು ಅಂತ, ಇಂಗ್ಲಿಷಿನಲ್ಲಿತ್ತು. ಅವನಿಗಿಂತ ಮೊದಲು ಕಯೇರೊ ಸತ್ತಿದ್ದ. ಬ್ರೆಜಿಲ್‌ಗೆ ಹೋದ ರೇಯ್ಸ್‌ನ ಸಾವಿನ ದಿನವನ್ನು ಮಾತ್ರ ಪೆಸೋವಾ ಬರೆದಿಡಲಿಲ್ಲ. ಜೋಸೆ ಸರಮಾಗೊ 1984ರಲ್ಲಿ ಆ ಬಾಕಿ ತೀರಿಸಿ ಒಂದು ಕಾದಂಬರಿಯನ್ನೇ ಬರೆದ. 1985ರಲ್ಲಿ ಪೆಸೋವಾನ ದೇಹವನ್ನು ಜೆರೋನಿಮೊಸ್ ಮಠಕ್ಕೆ ತಂದರು. ಅಲ್ಲಿಯ ಕಲ್ಲಿನ ಮೇಲೆ ಕಯೇರೊ, ರೇಯ್ಸ್, ಕಾಂಪೋಸ್ ಮೂವರ ಸಾಲುಗಳೂ ಇವೆ.

ಹೆಟೆರೊನಿಮ್‌ಗಳು ಎಷ್ಟು ಅಂತ ಲೆಕ್ಕ ಹಾಕಿದವರು ಎಪ್ಪತ್ತು ದಾಟಿಸಿದ್ದಾರೆ, ಚಿಕ್ಕ ಪುಟ್ಟವರನ್ನೂ ಸೇರಿಸಿದರೆ ನೂರಕ್ಕೂ ಜಾಸ್ತಿ. ಜ್ಯೋತಿಷಿ, ಬ್ಯಾರನ್, ತತ್ವಜ್ಞಾನಿ, ಅನುವಾದಕ ಎಲ್ಲ ಇದ್ದಾರೆ. ಇಷ್ಟು ದೊಡ್ಡ ಕೂಟದಲ್ಲಿ ಪೂರ್ತಿ ದನಿ ಸಿಕ್ಕ ಹೆಂಗಸು ಒಬ್ಬಳೇ, ಮರಿಯಾ ಜೋಸೆ. ಹತ್ತೊಂಬತ್ತು ವರ್ಷ, ಬೆನ್ನು ಗೂನು, ಕ್ಷಯ ಬೇರೆ. ದಿನಾ ಕಿಟಕಿಯಲ್ಲಿ ಕೂತು, ಬೀದಿಯಲ್ಲಿ ಹೋಗಿಬರುವ ಬೀಗದ ಕೆಲಸದವನನ್ನು ನೋಡುತ್ತಾಳೆ, ಅವನಿಗೊಂದು ಕಾಗದ ಬರೆಯುತ್ತಾಳೆ. ಇದನ್ನು ಕಳಿಸುವುದಿಲ್ಲ ಅಂತ ಅವಳೇ ಹೇಳುತ್ತಾಳೆ. ಆ ಕೆಲವು ಪುಟಗಳಲ್ಲಿ ರೇಯ್ಸ್‌ನ ನಿರ್ಲಿಪ್ತಿಯೂ ಇಲ್ಲ, ಕಾಂಪೋಸ್‌ನ ಠೇಂಕಾರವೂ ಇಲ್ಲ. ಮೂವರು ಗಂಡಸರಿಗೆ ಪರಸ್ಪರ ಜಗಳವಾಡುವುದಕ್ಕೆ ಇಪ್ಪತ್ತು ವರ್ಷ, ಪತ್ರಿಕೆಗಳು, ಜಾತಕ ಎಲ್ಲ ಸಿಕ್ಕವು. ಅವಳಿಗೆ ಸಿಕ್ಕಿದ್ದು ಒಂದು ಕಾಗದ. ಅವಳು ಹೇಳಿದ್ದಕ್ಕೆ ಆ ಬಳಗದ ಯಾರೂ ಉತ್ತರ ಕೊಡಲಿಲ್ಲ. ಕಾಂಪೋಸ್‌ನಂಥ ಬಾಯಿಬಡುಕನಿಗೆ ಇವಳು ಸರಿಯಾಗಿ ನಾಲ್ಕು ಮಾತು ಹೇಳಬಹುದಿತ್ತು ಅಂತ ನನಗೆ ಅನ್ನಿಸುತ್ತದೆ.